ಮೂರು ತಾಲೂಕಿನ ಮಳೆರಜೆ

ಮಳೆಗಾಲದಲ್ಲಿ ನಮ್ಮ ಮನೆಯ ಹಳೇ ಫ್ರಿಜ್ಜಿಗೆ ಎರಡು ಕೆಲಸ. ಎದುರಿನಿಂದ ಹಾಲು, ಮೊಸರು, ಕೊತ್ತಂಬರಿ ಸೊಪ್ಪನ್ನು ತಣ್ಣಗೆ ಇಡುವುದು, ಹಿಂದಿನಿಂದ ನನ್ನ ಮಗಳ ಕಾಲುಚೀಲ ಒಣಗಿಸುವುದು. ಅದರ ಬೆನ್ನಿನ ಬಿಸಿ ಜಾಲರಿಯ ಮೇಲೆ ರಾತ್ರಿ ಹರವಿಟ್ಟರೆ ಬೆಳಗ್ಗೆ ಮುಕ್ಕಾಲು ಪಾಲು ಒಣಗಿರುತ್ತದೆ. ಉಳಿದ ಕಾಲು ಪಾಲು ಅವಳ ಪಾದದ ಬಿಸಿಗೆ ಒಣಗಬೇಕು. ಜೂನ್ ತಿಂಗಳಿಂದ ಆರಂಭಿಸಿ ಚೌತಿ ಮುಗಿಯುವ ತನಕ ನಮ್ಮ ಮನೆಯಲ್ಲಿ ಯಾವ ಬಟ್ಟೆಯೂ ಪೂರ್ತಿ ಒಣಗಿದ್ದನ್ನು ನಾನು ಕಂಡಿಲ್ಲ.

ಮೊನ್ನೆ ಸಂಜೆ ಹೀಗೇ ಒದ್ದೆ ಕಾಲುಚೀಲ ಕೈಯಲ್ಲಿ ಹಿಡಿದು ಫ್ರಿಜ್ಜಿನ ಹಿಂದೆ ಬಗ್ಗಿದ್ದೆ. ಇದನ್ನು ಒಣಗಿಸಬೇಕೋ ಬೇಡವೋ ಎಂಬ ಯೋಚನೆ. ನೀವು ನಗಬಹುದು. ಆದರೆ ನಮ್ಮ ಕಡೆಯ ತಾಯಂದಿರನ್ನು ಕೇಳಿ ನೋಡಿ. ನಾಳೆ ಶಾಲೆ ಇದ್ದರೆ ಕಾಲುಚೀಲ ಬೇಕು, ಯೂನಿಫಾರ್ಮಿಗೆ ಇಸ್ತ್ರಿ ಬೇಕು, ಬೆಳಗ್ಗೆ ಡಬ್ಬಿಗೆ ದೋಸೆ ಆಗಬೇಕು, ದೋಸೆಗೆ ಈಗಲೇ ಉದ್ದು ಅರೆಯಬೇಕು. ರಜೆ ಇದ್ದರೆ ಇದೇನೂ ಬೇಡ, ಒಂದಿಷ್ಟು ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಸಾಕು. ಇಡೀ ಮನೆಯ ಕೆಲಸ ಒಂದೇ ಪ್ರಶ್ನೆಗೆ ಗಂಟು ಬಿದ್ದು ನಿಂತಿದೆ: ನಾಳೆ ಮಳೆರಜೆ ಉಂಟೋ ಇಲ್ಲವೋ? ಉತ್ತರ ಬರುವುದು ಒಮ್ಮೊಮ್ಮೆ ರಾತ್ರಿ ಊಟವಾದ ಮೇಲೆ, ಒಮ್ಮೊಮ್ಮೆ ಬೆಳಗ್ಗೆ ದೋಸೆ ಡಬ್ಬಿಗೆ ಹೋದ ಮೇಲೆ.

ಅಷ್ಟರಲ್ಲಿ ಪಾಗಾರದ ಗೋಡೆಯ ಆಚೆಯಿಂದ ದನಿ ಬಂತು. ಪಕ್ಕದ ಮನೆಯ ಗಿರಿಜಕ್ಕ.

"ಹ್ವಾಯ್ ಟೀಚರೇ, ನಾಳಿಗ್ ರಜೆ ಇತ್ತಾ?"

ಸಾಕಪ್ಪಾ ಸಾಕು. ವರ್ಷದ ಎಂಟು ತಿಂಗಳು ನಾನು ಸುಮತಿ ಟೀಚರು, ಸಮಾಜ ವಿಜ್ಞಾನ ಪಾಠ ಮಾಡುವವಳು. ಮಳೆ ಹಿಡಿದ ಕೂಡಲೇ ನಾನು ರಜೆ ಟೀಚರು. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ, ಎಲ್ಲಿ ಹೋದರೂ ಅದೇ ಒಂದು ಪ್ರಶ್ನೆ. ಪುಣೆಯ ಹೋಟೆಲಿನಲ್ಲಿ ಮ್ಯಾನೇಜರಾಗಿರುವ ನನ್ನ ಯಜಮಾನರು ರಾತ್ರಿ ಫೋನು ಮಾಡಿದರೆ ಹೆಂಡತಿಯ ಆರೋಗ್ಯ ಕೇಳುವುದಕ್ಕಿಂತ ಮೊದಲು ನಾಳೆಯ ರಜೆ ಕೇಳುತ್ತಾರೆ. ಅವರಿಗೆ ಅಲ್ಲಿ ಕೂತು ಇಲ್ಲಿಯ ರಜೆ ತೆಗೆದುಕೊಂಡು ಏನಾಗಬೇಕೋ ದೇವರೇ ಬಲ್ಲ.

ಈ ಬಿರುದು ನನಗೆ ಅಂಟಿದ್ದು ಒಂದು ಸಿಟ್ಟಿನಿಂದ. ಕೆಲವು ಮಳೆಗಾಲದ ಹಿಂದೆ ಗಿರಿಜಕ್ಕ ಒಂದೇ ಸಂಜೆ ಮೂರು ಸಲ ಬಂದು ಕೇಳಿದರು. ಎರಡು ಸಲ "ನಂಗ್ ಗೊತ್ತಿಲ್ಲೆ" ಎಂದೆ. ಮೂರನೇ ಸಲ ತಲೆ ಚಿಟ್ಟು ಹಿಡಿದು, "ಇತ್ತ್ ಕಾಣಿ, ನಾಳಿಗೂ ಇತ್ತ್, ನಾಡಿದ್ದಿಗೂ ಇತ್ತ್" ಎಂದುಬಿಟ್ಟೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಎರಡೂ ದಿನ ರಜೆ ಬಂತು. ಆಮೇಲೆ ನಾನು ಎಷ್ಟು ಕೈಮುಗಿದು ಹೇಳಿದರೂ ಯಾರೂ ನಂಬಲಿಲ್ಲ. ಟೀಚರಿಗೆ ತಾಲೂಕು ಆಫೀಸಿನಲ್ಲಿ ಜನ ಇದ್ದಾರೆ, ಗೊತ್ತಿದ್ದೂ ಹೇಳುವುದಿಲ್ಲ, ಸ್ವಲ್ಪ ಜಂಬ ಎಂದು ಗಿರಿಜಕ್ಕನೇ ಎರಡು ಮನೆಗೆ ಹೇಳಿ ಬಂದರು. ನಿಜ ಹೇಳಬೇಕೆಂದರೆ, ನೈಋತ್ಯ ಮಾರುತಗಳು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವರ್ಷವರ್ಷ ಪಾಠ ಮಾಡುವ ನನಗೆ, ಅದೇ ದಿನ ಮಧ್ಯಾಹ್ನ ಕೊಡೆ ಬೇಕೋ ಬೇಡವೋ ಎಂದು ಹೇಳಲು ಬರುವುದಿಲ್ಲ.

ನನ್ನ ಮಗಳು ಧನ್ಯಾ ಏಳನೇ ಕ್ಲಾಸು. ಅವಳು ಒಂದು ದಿನ ನನ್ನ ಮೊಬೈಲಿನಲ್ಲಿ ಏನೋ ಹುಡುಕಿ ತೆಗೆದಳು. ಚಳಿ ದೇಶಗಳಲ್ಲಿ ಹಿಮ ಬಿದ್ದರೆ ಶಾಲೆ ಮುಚ್ಚುತ್ತಾರಂತೆ. ಎಷ್ಟು ಹಿಮ ಬಿದ್ದರೆ ನಾಳೆ ಶಾಲೆ ಮುಚ್ಚುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ ಹೇಳುವ ಯಂತ್ರ ಅದು. ಊರಿನ ಪಿನ್ ಕೋಡ್ ಹಾಕಿದರೆ ಸಾಕು. ಅವಳು ನಮ್ಮ ತೆಕ್ಕಟ್ಟೆಯ ಪಿನ್ ಕೋಡ್ ಹಾಕಿದಳು. ಯಂತ್ರ ಸ್ವಲ್ಪ ಹೊತ್ತು ಗಿರಗಿರ ತಿರುಗಿತು. ನಮ್ಮಲ್ಲಿ ಚಳಿಗಾಲ ಅಂದರೆ ಬೆಳಗಿನ ಜಾವ ಫ್ಯಾನನ್ನು ಒಂದು ನಂಬರ್ ಕಡಿಮೆ ಮಾಡುವುದು. ಅದು ಪಾಪ ಆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಕೊನೆಗೆ ಶಾಲೆ ಮುಚ್ಚುವ ಸಂಭವ ಸೊನ್ನೆ ಎಂದು ತೋರಿಸಿತು. ನಾನು ನಂಬಿ ಉದ್ದು ಅರೆದೆ. ಆ ರಾತ್ರಿಯೇ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಿಗೆ ರಜೆ ಬಂತು.

ನಮ್ಮ ಕಾಲದಲ್ಲಿ ಈ ಗೋಳು ಇರಲಿಲ್ಲ ಎಂದು ಹೇಳುವ ವಯಸ್ಸು ನನಗೂ ಬಂದಿದೆ. ನನ್ನ ತವರು ನಾಗೂರಿನ ಒಳಗಿನ ಒಂದು ಊರು. ಅಲ್ಲಿ ರಜೆ ಕೊಡುತ್ತಿದ್ದದ್ದು ಜಿಲ್ಲಾಧಿಕಾರಿಯೂ ಅಲ್ಲ, ತಹಶೀಲ್ದಾರರೂ ಅಲ್ಲ, ಒಂದು ಸಂಕ. ತೋಡಿಗೆ ಅಡ್ಡ ಎರಡು ಮರದ ದಿಮ್ಮಿ ಹಾಕಿ ಕಟ್ಟಿದ ಕಾಲುಸಂಕ. ಶಾಲೆಯ ಅರ್ಧ ಮಕ್ಕಳು ಅದನ್ನು ದಾಟಿಯೇ ಬರಬೇಕು. ನೀರು ಸಂಕದ ಹತ್ತಿರ ಬಂದರೆ ಹೆಡ್‍ಮಾಸ್ಟರು ಉದ್ದ ಬೆಲ್ ಹೊಡೆಸಿ ಆಚೆಯ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಅರ್ಧ ಶಾಲೆ ಖಾಲಿಯಾದ ಮೇಲೆ ನಾವು ಈಚೆಯವರು ಕೂತು ಮಾಡುವುದೇನು? ನಮ್ಮನ್ನೂ ಬಿಡುತ್ತಿದ್ದರು.

ನೀರು ಎಲ್ಲಿ ತನಕ ಬಂದಿದೆ ಎಂದು ನೋಡಲು ಹೆಡ್‍ಮಾಸ್ಟರು ತಾವು ಹೋಗುತ್ತಿರಲಿಲ್ಲ. ಆಚೆಯಿಂದ ಬರುವ ಭಾಸ್ಕರ ಎಂಬ ಉದ್ದದ ಹುಡುಗನನ್ನು ಎದುರು ನಿಲ್ಲಿಸಿ ಅವನ ಚಡ್ಡಿ ನೋಡುತ್ತಿದ್ದರು. ಮೊಣಕಾಲಿನ ತನಕ ಒದ್ದೆಯಾಗಿದ್ದರೆ ಶಾಲೆ ಇದೆ. ಸೊಂಟದ ತನಕ ಒದ್ದೆಯಾಗಿದ್ದರೆ ಉದ್ದ ಬೆಲ್. ಇದು ನಮಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಒಂದು ದಿನ ಎಲ್ಲರೂ ಸೇರಿ ಭಾಸ್ಕರನಿಗೆ ಹುರಿದ ಹಲಸಿನ ಬೀಜದ ಆಸೆ ತೋರಿಸಿ, ಶಾಲೆಯ ಹಿಂದಿನ ಗದ್ದೆಯ ಹೊಂಡದಲ್ಲಿ ಸೊಂಟದ ತನಕ ಅದ್ದಿಸಿ ಕಳಿಸಿದೆವು. ಹೆಡ್‍ಮಾಸ್ಟರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಚಡ್ಡಿಗೆ ಭತ್ತದ ಸಸಿಯೊಂದು ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಅವನ ಕೈಯಲ್ಲೇ ಕೊಟ್ಟು, ಎಲ್ಲಿಂದ ಬಂತೋ ಅಲ್ಲಿ ನೆಟ್ಟು ಬಾ ಎಂದರು. ಆ ದಿನ ಸಂಜೆ ತನಕ ಮಗ್ಗಿ.

ಮನೆಯಲ್ಲಿ ನನ್ನ ಅಜ್ಜಯ್ಯನ ಲೆಕ್ಕಾಚಾರ ಬೇರೆ. ಅವರು ರಾತ್ರಿ ಜಗಲಿಯಲ್ಲಿ ಕೂತು ಕಡಲಿನ ಮೊರೆತ ಕೇಳುತ್ತಿದ್ದರು. ತೆಂಕಿನಿಂದ ಕೇಳಿದರೆ ನಾಳೆ ಮಳೆ, ಬಡಗಿನಿಂದ ಕೇಳಿದರೆ ಹೊಳವು, ಅಂದರೆ ಮಳೆಗೆ ಬಿಡುವು. ಪಕ್ಕದ ಮನೆಯ ಅಜ್ಜ ಇದನ್ನೇ ತಿರುಗಿಸಿ ಹೇಳುತ್ತಿದ್ದರು, ತೆಂಕಾದರೆ ಹೊಳವು, ಬಡಗಾದರೆ ಮಳೆ. ಇಬ್ಬರೂ ಸಾಯುವ ತನಕ ಒಬ್ಬರ ಮಾತು ಒಬ್ಬರು ಒಪ್ಪಲಿಲ್ಲ. ಇಬ್ಬರ ಮಾತೂ ಅರ್ಧ ದಿನ ನಿಜವಾಗುತ್ತಿತ್ತು. ನಾವು ಮಕ್ಕಳು ಮಾತ್ರ ಯಾರನ್ನೂ ನಂಬದೆ, ರಜೆ ಸಿಕ್ಕಿದರೆ ಒಂದು ಕಾಯಿ ಎಂದು ಕಡಲು ಕಾಯುವ ದೈವ ಬೊಬ್ಬರ್ಯನಿಗೆ ಹರಕೆ ಹೇಳಿಕೊಳ್ಳುತ್ತಿದ್ದೆವು. ಆ ಕಾಯಿಗಳೆಲ್ಲ ಇನ್ನೂ ಬಾಕಿಯೇ ಇವೆ.

ಈಗ ಅಜ್ಜಯ್ಯನ ಜಾಗದಲ್ಲಿ ನನ್ನ ಅತ್ತೆ ಇದ್ದಾರೆ. ಅವರ ಹತ್ತಿರ ಮಳೆನಕ್ಷತ್ರದ ಗಾದೆ ಒಂದು ಮೂಟೆ ಇದೆ. ಇತ್ತೀಚೆಗೆ ಅದಕ್ಕೆ ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಕೂಡ ಸೇರಿದೆ. ಟಿವಿಯಲ್ಲಿ ರೆಡ್ ಅಲರ್ಟ್ ಎಂದು ಬಂದ ಕೂಡಲೇ ಅತ್ತೆ ಹಪ್ಪಳದ ಡಬ್ಬಿ ಹೊರಗೆ ತೆಗೆಯುತ್ತಾರೆ. ಯಾಕೆಂದರೆ ರೆಡ್ ಅಲರ್ಟಿನ ಮಾರನೇ ದಿನ ರಜೆ, ರಜೆ ಕೊಟ್ಟ ದಿನ ಬಿಸಿಲು. ಮೆತ್ತಗಾದ ಹಪ್ಪಳ ಒಣಗಿಸಲು ಅದಕ್ಕಿಂತ ಒಳ್ಳೆಯ ದಿನ ಮಳೆಗಾಲದಲ್ಲಿ ಇಲ್ಲ ಎಂದು ಅವರ ಸಿದ್ಧಾಂತ. ಹಾಸ್ಯಕ್ಕೆ ಹೇಳುತ್ತಿಲ್ಲ, ಅವರ ಹಪ್ಪಳ ಒಮ್ಮೆಯೂ ಹಾಳಾಗಿಲ್ಲ. ಹಾಗೆಂದು ರಜೆ ಕೊಡುವವರನ್ನು ಬೈಯುವ ಹಾಗೂ ಇಲ್ಲ. ಕೊಟ್ಟರೆ ಬಿಸಿಲಿಗೆ ರಜೆ ಕೊಟ್ಟರು ಎಂದು ಜನ ನಗುತ್ತಾರೆ, ಕೊಡದಿದ್ದರೆ ಮಕ್ಕಳ ಜೀವಕ್ಕೆ ಬೆಲೆ ಇಲ್ಲವಾ ಎಂದು ಕೇಳುತ್ತಾರೆ. ಆ ಕುರ್ಚಿಯಲ್ಲಿ ಕೂರುವುದಕ್ಕಿಂತ ಫ್ರಿಜ್ಜಿನ ಹಿಂದೆ ಬಗ್ಗುವುದೇ ವಾಸಿ.

ನನ್ನ ಸಂಕಟ ಬೇರೆ. ಅದು ಮೂರು ತಾಲೂಕಿನ ಸಂಕಟ. ನಾನು ಚಿಕ್ಕವಳಿರುವಾಗ ನಮ್ಮ ನಾಗೂರೂ ಕುಂದಾಪುರ ತಾಲೂಕೇ. ಈಗ ಬೈಂದೂರು ಬೇರೆ ತಾಲೂಕಾಯಿತು, ಬ್ರಹ್ಮಾವರವೂ ಬೇರೆಯಾಯಿತು. ಆಗಲಿ, ಒಳ್ಳೆಯದೇ. ಆದರೆ ನಮ್ಮ ಮನೆ ಇರುವುದು ಕುಂದಾಪುರ ತಾಲೂಕಿನ ತೆಕ್ಕಟ್ಟೆಯಲ್ಲಿ. ನಾನು ಪಾಠ ಮಾಡುವ ಶಾಲೆ ಬಡಗಿಗೆ, ಬೈಂದೂರು ತಾಲೂಕಿನ ಅದೇ ನಾಗೂರಿನಲ್ಲಿ. ಮಗಳು ಓದುವ ಶಾಲೆ ತೆಂಕಿಗೆ, ಕೋಟದಲ್ಲಿ. ಕೋಟ ಬ್ರಹ್ಮಾವರ ತಾಲೂಕು. ಮಳೆರಜೆಯನ್ನು ಈಗ ತಾಲೂಕು ನೋಡಿ ಕೊಡುತ್ತಾರೆ. ಬೈಂದೂರಿಗೆ ಮಾತ್ರ ಕೊಟ್ಟರೆ ನಾನು ಮನೆಯಲ್ಲಿ, ಮಗಳು ಶಾಲೆಯಲ್ಲಿ. ಬ್ರಹ್ಮಾವರಕ್ಕೆ ಮಾತ್ರ ಕೊಟ್ಟರೆ ಮಗಳು ಮನೆಯಲ್ಲಿ ಮೊಬೈಲು ಒತ್ತುತ್ತಾಳೆ, ನಾನು ನಾಗೂರಿನಲ್ಲಿ ಗಂಟಲು ಹರಿದುಕೊಳ್ಳುತ್ತೇನೆ. ಕುಂದಾಪುರಕ್ಕೆ ಮಾತ್ರ ಕೊಟ್ಟರೆ ನಮ್ಮ ಮನೆಯಲ್ಲಿ ರಜೆ ಸಿಗುವುದು ಅತ್ತೆಗೆ ಒಬ್ಬರಿಗೇ. ಅವರು ಶಾಲೆ ಬಿಟ್ಟು ಯಾವ ಕಾಲವಾಯಿತೋ.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಈ ವರ್ಷ ಧನ್ಯಾ ಹಾಗಾದಳು. ಜಿಲ್ಲೆಯ ಮಕ್ಕಳೆಲ್ಲ ರಜೆ ಬರಲಿ ಎಂದು ಆಕಾಶ ನೋಡುತ್ತಿದ್ದರೆ ಇವಳೊಬ್ಬಳು ರಜೆ ಬೇಡ ಎಂದು ದೇವರಿಗೆ ಕೈಮುಗಿಯುತ್ತಿದ್ದಳು. ಕಾರಣ ಥ್ರೋಬಾಲ್. ಹೋದ ವರ್ಷವೆಲ್ಲ ಗೆರೆಯ ಹೊರಗೆ ನಿಂತು ಚೆಂಡು ಹೆಕ್ಕಿ ಕೊಟ್ಟವಳು ಈ ಸಲ ಶಾಲೆಯ ತಂಡಕ್ಕೆ ಸೇರಿದ್ದಳು. ಬ್ರಹ್ಮಾವರದಲ್ಲಿ ತಾಲೂಕು ಮಟ್ಟದ ಪಂದ್ಯ. ರಜೆ ಕೊಟ್ಟರೆ ಪಂದ್ಯ ಮುಂದೆ ಹೋಗುತ್ತದೆ. ಮುಂದೆ ಹೋಯಿತು ಕೂಡ, ಒಂದಲ್ಲ, ಎರಡು ಸಲ. ಎರಡು ಸಲವೂ ಹುಡುಗಿ ಬೆಳಗ್ಗೆ ಎದ್ದು, ಜಡೆ ಬಿಗಿದು, ಶೂಸಿನ ಲೇಸು ಕಟ್ಟಿ ಆದ ಮೇಲೆ ರಜೆಯ ಸುದ್ದಿ ಬಂತು. ಅವಳು ಶೂಸು ಬಿಚ್ಚದೆ ಹಾಗೇ ಹಾಸಿಗೆಯ ಮೇಲೆ ಬೋರಲು ಬಿದ್ದು ಅತ್ತಳು. ಹಾಸಿಗೆ ಕೊಳೆಯಾಯಿತೆಂದು ನಾನು ಬೈದೆ. ಏನು ಹೇಳಬೇಕೆಂದು ತಿಳಿಯದಾಗ ನಾನು ಬೈಯುವುದು.

ಅವಳಿಗೆ ಇನ್ನೊಂದು ಆಸೆಯೂ ಇತ್ತು. ಬೇರೆ ಮಕ್ಕಳ ಅಮ್ಮಂದಿರು ಆಟ ನೋಡಲು ಬರುತ್ತಾರೆ, ಗೆರೆಯ ಪಕ್ಕ ನಿಂತು ಕೂಗುತ್ತಾರೆ, ನೀರಿನ ಬಾಟಲಿ ಹಿಡಿದುಕೊಳ್ಳುತ್ತಾರೆ. ಕೋಟದ ಶಾಲೆಯ ಮೈದಾನದಲ್ಲೇ ಎಷ್ಟೋ ಆಟ ನಡೆದಿತ್ತು, ನಾನು ಒಂದಕ್ಕೂ ಹೋಗಿರಲಿಲ್ಲ. ಹೋಗುವುದು ಹೇಗೆ? ಅವಳಿಗೆ ಆಟ ಇರುವ ದಿನ ಅಂದರೆ ಶಾಲೆ ಇರುವ ದಿನ, ಶಾಲೆ ಇರುವ ದಿನ ಅಂದರೆ ನಾನು ನಾಗೂರಿನಲ್ಲಿ ಇರಬೇಕಾದ ದಿನ. ಊರ ಮಕ್ಕಳನ್ನು ಕಾಯುವ ಕೆಲಸದವಳಿಗೆ ತನ್ನ ಮಗುವಿನ ಆಟ ನೋಡಲು ರಜೆ ಹಾಕುವುದೆಂದರೆ ಏನೋ ಕಳ್ಳತನ ಮಾಡಿದ ಹಾಗೆ ಅನಿಸುತ್ತದೆ. ಮುಂದಿನ ಸಲ, ಮುಂದಿನ ಸಲ ಎನ್ನುತ್ತಾ ಬಂದೆ.

"ಅಮ್ಮ, ನೀ ಒಂದ್ ಸಲ ಆರೂ ಬಾ. ಗೆದ್ರೂ ಸೋತ್ರೂ ನಿಂಗ್ ನಾನೇ ಹೇಳ್ಕಲೆ," ಎಂದಿದ್ದಳು ಒಂದು ರಾತ್ರಿ, ಮಗ್ಗುಲು ಬದಲಿಸುತ್ತಾ. ಗೆದ್ದರೂ ಸೋತರೂ ನಾನು ನೋಡದೆ, ಅವಳೇ ಬಂದು ಹೇಳಬೇಕಂತೆ. ನಿದ್ದೆ ಮಾಡು ಎಂದೆ.

ಮೂರನೇ ಸಲ ಪಂದ್ಯದ ದಿನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನದಿಂದಲೇ ಹೊಯ್ಯಲು ಹಿಡಿಯಿತು. ಟಿವಿಯಲ್ಲಿ ರೆಡ್ ಅಲರ್ಟ್ ಬಂತು, ಅತ್ತೆ ಹಪ್ಪಳದ ಡಬ್ಬಿ ತೆಗೆದರು. ಧನ್ಯಾ ಆನೆಗುಡ್ಡೆ ಗಣಪತಿಗೆ ಕಡುಬಿನ ಹರಕೆ ಹೇಳಿಕೊಂಡಳು. ಅವಳನ್ನು ಸಮಾಧಾನ ಮಾಡಲು ಅತ್ತೆ ತಮ್ಮ ಗಾದೆ ಹೇಳಿದರು: ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು. ಮನೆಮಗಳ ಮ್ಯಾಚಿಗೆ ನಿಮ್ಮ ಗಾದೆಯಲ್ಲಿ ಏನಿದೆ ಎಂದು ಧನ್ಯಾ ಮುಖ ಊದಿಸಿ ಕೇಳಿದಳು. ಅತ್ತೆ ಹಪ್ಪಳ ಎಣಿಸಲು ಕೂತರು. ರಾತ್ರಿ ರಜೆಯ ಸುದ್ದಿ ಬರಲಿಲ್ಲ. ನಾನು ಉದ್ದು ಅರೆದೆ, ಕಾಲುಚೀಲ ಫ್ರಿಜ್ಜಿನ ಹಿಂದೆ ಹರವಿದೆ. ಮಧ್ಯರಾತ್ರಿ ಕರೆಂಟು ಹೋಯಿತು. ಫ್ರಿಜ್ಜೂ ತಣ್ಣಗಾಯಿತು.

ಬೆಳಗ್ಗೆಯೂ ಸುದ್ದಿ ಇಲ್ಲ. ಪಂದ್ಯಕ್ಕೆ ಹೊತ್ತಿದೆ, ಹುಡುಗಿ ಇನ್ನೂ ಸ್ವಲ್ಪ ಮಲಗಲಿ ಎಂದು, ಅವಳನ್ನು ಎಬ್ಬಿಸಿ ವ್ಯಾನಿಗೆ ಹತ್ತಿಸುವ ಕೆಲಸ ಅತ್ತೆಗೆ ಒಪ್ಪಿಸಿ ನಾನು ಬಸ್ಸು ಹಿಡಿದೆ. ಕುಂದಾಪುರದಲ್ಲಿ ಇಳಿದು ಬೈಂದೂರಿನ ಬಸ್ಸು ಹತ್ತಿ, ಹೆಮ್ಮಾಡಿ ಹತ್ತಿರ ಬರುವಾಗ ಬಸ್ಸಿನಲ್ಲಿದ್ದ ಎಲ್ಲರ ಮೊಬೈಲೂ ಒಟ್ಟಿಗೆ ಕುಟುಕುಟು ಎಂದವು. ಕುಂದಾಪುರ ಮತ್ತು ಬೈಂದೂರು ತಾಲೂಕಿಗೆ ರಜೆ. ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗರು ಹೋ ಎಂದರು. ನಾನು ಮೂರು ಸಲ ಓದಿದೆ. ಬ್ರಹ್ಮಾವರದ ಹೆಸರಿಲ್ಲ. ನಮ್ಮ ಹೆಡ್‍ಮಾಸ್ಟರಿಗೆ ಫೋನು ಮಾಡಿದೆ, ನೀವೂ ಬರುವುದು ಬೇಡ, ಮನೆಗೆ ಹೋಗಿ ಎಂದರು. ಅರ್ಧ ದಾರಿ ಬಂದ ಮೇಲೆ! ಬೈದುಕೊಳ್ಳುತ್ತಾ ಹೆಮ್ಮಾಡಿಯಲ್ಲಿ ಇಳಿದು ರಸ್ತೆ ದಾಟಿ ನಿಂತೆ. ಮಳೆ ಕೊಡೆಯ ಕೆಳಗಿನಿಂದಲೂ ಬರುತ್ತಿತ್ತು.

ಮಗಳು ವ್ಯಾನು ಹತ್ತಿದಳೋ ಕೇಳೋಣ ಎಂದರೆ ಮನೆಯ ಫೋನು ಸತ್ತಿದೆ, ರಾತ್ರಿಯಿಂದ ಕರೆಂಟಿಲ್ಲವಲ್ಲ. ಗಿರಿಜಕ್ಕನಿಗೆ ಮಾಡಿದೆ. ಅವರು ಮೊಬೈಲನ್ನು ಪಾಗಾರದ ಮೇಲಿಂದ ಅತ್ತೆಗೆ ದಾಟಿಸಿದರು. ಧನ್ಯಾ ಹೋದಳಾ ಎಂದು ಕೇಳಿದೆ.

"ಎಲ್ಲಿಗ್ ಹೋಪುದ್? ರಜೆ ಅಲ್ದಾ? ವ್ಯಾನಿನವ್ನ್ ಹಾರ್ನ್ ಹಾಕ್ದ, ರಜೆ ಮಾರಾಯ ಅಂದೇಳಿ ಕಳ್ಸ್ದೆ," ಎಂದರು ಅತ್ತೆ. "ಹೆಣ್ ಮಲ್ಕಂಡಿತ್. ಎದ್ರೆ ಮರ್ಕತ್ತ್, ಮಲ್ಕಣ್ಲಿ ಅಂದೇಳಿ ನಾ ಎಬ್ಸಲಿಲ್ಲ."

ರಜೆ ಎಂದು ಗಿರಿಜಕ್ಕ ಹೇಳಿದರಂತೆ, ಎದ್ದರೆ ಅಳುತ್ತಾಳೆ ಎಂದು ಎಬ್ಬಿಸಲಿಲ್ಲವಂತೆ. ಆ ಮಾತಿಗೆ ನಾನು ಸಿಟ್ಟು ಮಾಡುವುದು ಹೇಗೆ? ಆದರೂ ಮಾಡಿದೆ. ರಜೆ ಕುಂದಾಪುರಕ್ಕೆ ಅತ್ತೆ, ಕೋಟಕ್ಕಲ್ಲ, ಕೋಟ ಬ್ರಹ್ಮಾವರ ತಾಲೂಕು ಎಂದು ಹೆದ್ದಾರಿಯ ಬದಿಯಲ್ಲಿ ನಿಂತು ಕೂಗಿದೆ. ಅತ್ತೆಗೆ ಅದು ತಲೆಗೆ ಹೋಗಲಿಲ್ಲ. ಅವರು ಹುಟ್ಟಿದ್ದು ಕೋಟದಲ್ಲಿ.

"ಕೋಟ ಕುಂದಾಪ್ರ ಅಲ್ದೆ ಮತ್ತೆಂತ? ನಾ ಹುಟ್ಟಿದ್ ಊರ್ ನಂಗ್ ಗೊತ್ತಿಲ್ಯಾ? ನಮ್ ಭಾಷಿ ಎಲ್ಲಿವರಿಗ್ ಇತ್ತೋ ಅಲ್ಲಿವರಿಗೂ ಕುಂದಾಪ್ರವೇ."

ಸರಕಾರದ ತಾಲೂಕು ನಕ್ಷೆಯಲ್ಲಿದೆ, ಅತ್ತೆಯ ತಾಲೂಕು ನಾಲಗೆಯಲ್ಲಿದೆ. ಎರಡರ ನಡುವೆ ನನ್ನ ಮಗಳು ಕಂಬಳಿ ಹೊದ್ದು ಮಲಗಿದ್ದಾಳೆ. ಅವಳನ್ನು ಈಗಲೇ ಎಬ್ಬಿಸಿ, ತಂಡದ ಅಂಗಿ ಹಾಕಿಸಿ, ತೆಕ್ಕಟ್ಟೆಯ ಬಸ್ ಸ್ಟಾಪಿಗೆ ಕರೆದು ತನ್ನಿ, ನಾನು ಬರುವ ಬಸ್ಸಿಗೇ ಹತ್ತಿಸಿ ಎಂದೆ. ಆಮೇಲಿನ ದಾರಿಯಲ್ಲಿ ನಾನು ಬೈಯದೆ ಬಿಟ್ಟವರು ಯಾರೂ ಇಲ್ಲ. ಮಳೆಯನ್ನು ಬೈದೆ, ಕರೆಂಟನ್ನು ಬೈದೆ, ಕುಂದಾಪುರದ ಸಂಗಮ್ ಹತ್ತಿರ ಹತ್ತು ಜನರಿಗಾಗಿ ಬಸ್ಸು ನಿಲ್ಲಿಸಿದ ಕಂಡಕ್ಟರನ್ನು ಬೈದೆ, ತಾಲೂಕಿನ ಗಡಿಗಳನ್ನು ಬೈದೆ. ಎಲ್ಲವೂ ಬಾಯೊಳಗೇ. ಪಕ್ಕದಲ್ಲಿ ಕೂತ ಹೆಂಗಸು ಮಾತ್ರ ಸ್ವಲ್ಪ ಆಚೆ ಸರಿದು ಕೂತರು.

ತೆಕ್ಕಟ್ಟೆಯಲ್ಲಿ ಬಸ್ಸು ನಿಂತಾಗ ಅತ್ತೆ ಕೊಡೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಧನ್ಯಾ, ಒಂದೇ ಜಡೆ ಹಾಕಿ, ಇನ್ನೊಂದು ಪಾಲು ಕೂದಲು ಬಿಟ್ಟುಕೊಂಡು. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅವಳು ಹತ್ತಿದಳು, ಬಸ್ಸು ಹೊರಟಿತು. ಅಷ್ಟರಲ್ಲಿ ಅತ್ತೆ ಸೀರೆ ಎತ್ತಿಕೊಂಡು ಬಸ್ಸಿನ ಪಕ್ಕ ನಾಲ್ಕು ಹೆಜ್ಜೆ ಓಡಿ ಬಂದು ಕಿಟಕಿಯೊಳಗೆ ಏನೋ ತುರುಕಿದರು. ಒದ್ದೆ ಕಾಲುಚೀಲ. ಅತ್ತೆಯ ಮುಖ ಸಣ್ಣದಾಗಿತ್ತು. ನನಗೆ ನನ್ನ ಕೂಗಾಟ ನೆನಪಾಗಿ ಕಷ್ಟವಾಯಿತು, ಆದರೆ ಬಸ್ಸು ಮುಂದೆ ಹೋಗಿಯಾಗಿತ್ತು.

ಧನ್ಯಾ ನನಗೆ ಬೆನ್ನು ಹಾಕಿ ಕೂತಳು. ನಾನು ಉಳಿದ ಜಡೆ ಹಾಕಲು ಕೂತೆ. ಆಟ ಶುರುವಾಗಿರುತ್ತದೋ, ಇವಳ ಬದಲಿಗೆ ಬೇರೆ ಯಾರನ್ನಾದರೂ ಇಳಿಸಿರುತ್ತಾರೋ ಎಂದು ಗಳಿಗೆಗೊಮ್ಮೆ ಮೊಬೈಲಿನಲ್ಲಿ ಗಂಟೆ ನೋಡಿದೆ. ಕೋಟ ಮೂರುಕೈ ದಾಟುವಾಗ ಮಳೆ ನಿಂತಿತು. ಸಾಲಿಗ್ರಾಮದಲ್ಲಿ ಬಿಸಿಲು ಬಂತು. ಸಣ್ಣ ಬಿಸಿಲಲ್ಲ, ಹಪ್ಪಳದ ಬಿಸಿಲು. ಬ್ರಹ್ಮಾವರ ತಾಲೂಕಿಗೆ ರಜೆ ಕೊಡದವರಿಗೆ ನಾನು ಮೊದಲ ಸಲ ಮನಸ್ಸಿನಲ್ಲೇ ಕೈಮುಗಿದೆ. ಕಾಲುಚೀಲವನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಕೈಯಲ್ಲಿ ಒತ್ತಿ ಹಿಡಿದೆ. ಗಾಳಿಗೆ ಪಟಪಟ ಎಂದು ಹಾರುತ್ತಿತ್ತು. ಧನ್ಯಾ ಅದನ್ನೇ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ನಿಂಗೂ ಇವತ್ ರಜೆಯಾ?"

"ಹೌದ್. ಬೈಂದೂರಿಗೂ ಕೊಟ್ರ್."

"ಪೂರ್ತಿ ದಿನ?"

"ಪೂರ್ತಿ."

ಅವಳು ಕಾಲುಚೀಲವನ್ನು ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ, "ಹಂಗಾರೆ ನಿಂಗ್ ಮ್ಯಾಚ್ ಕಾಂಬುಕ್ ಬಪ್ಪುಕ್ ಆತ್ತಲೆ," ಎಂದಳು.

ಮ್ಯಾಚ್ ನೋಡಲು ನಾನು ಬರಬಹುದು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಬೆಳಗ್ಗಿನಿಂದ ಬೈಯುವ ಕೆಲಸದಲ್ಲಿ ಮುಳುಗಿ, ಇವತ್ತು ನನಗ್ಯಾರೂ ಎಲ್ಲೂ ಕಾಯುತ್ತಿಲ್ಲ ಎನ್ನುವುದೇ ಮರೆತಿತ್ತು. ನನಗೆ ರಜೆ, ಅವಳಿಗೆ ಶಾಲೆ. ಯಾವ ತಾಲೂಕಿನ ಗಡಿಯನ್ನು ಹೆಮ್ಮಾಡಿಯಿಂದ ತೆಕ್ಕಟ್ಟೆಯ ತನಕ ಬೈದುಕೊಂಡು ಬಂದೆನೋ ಅದೇ ಗಡಿ ನನ್ನನ್ನು ಈ ಬಸ್ಸಿನಲ್ಲಿ ಕೂರಿಸಿತ್ತು. "ಬತ್ತೆ," ಎಂದೆ. ಬಿಸಿಲು ಜೋರಿದೆ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಮೈದಾನಕ್ಕೆ ಹೋದರೆ ಆಟ ಶುರುವಾಗಿರಲಿಲ್ಲ. ರಾತ್ರಿಯ ನೀರು ನಿಂತಿತ್ತು. ಮೇಷ್ಟ್ರುಗಳು ಪ್ಯಾಂಟು ಮಡಚಿ ಬಕೆಟಿನಲ್ಲಿ ನೀರು ತೋಡಿ ಮರದ ಹೊಟ್ಟು ಹಾಕುತ್ತಿದ್ದರು. ನಾನು ಗೆರೆಯ ಪಕ್ಕ ಬೇರೆ ಅಮ್ಮಂದಿರ ಜೊತೆ ನಿಂತೆ. ನೀರಿನ ಬಾಟಲಿ ಹಿಡಿದುಕೊಂಡೆ. ಥ್ರೋಬಾಲಿನಲ್ಲಿ ಯಾವಾಗ ಚಪ್ಪಾಳೆ ತಟ್ಟಬೇಕು ಎಂದು ನನಗೆ ಗೊತ್ತಿಲ್ಲ. ಬೇರೆಯವರು ತಟ್ಟಿದಾಗ ತಟ್ಟಿದೆ. ಒಂದು ಸಲ ಎದುರಿನ ತಂಡದ ಪಾಯಿಂಟಿಗೂ ತಟ್ಟಿದೆ, ಪಕ್ಕದವರು ನನ್ನ ಕೈ ಹಿಡಿದು ನಿಲ್ಲಿಸಿದರು. ಚೆಂಡು ಧನ್ಯಾಳ ಕಡೆ ಬರುವಾಗಲೆಲ್ಲ ನನ್ನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಹಾಗಾಗಿ ಅವಳು ಹಿಡಿದ ಚೆಂಡುಗಳನ್ನು ನಾನು ಕಂಡದ್ದು ಹಿಡಿದ ಮೇಲೆಯೇ. ಅವಳು ಚೆಂಡು ಎಸೆಯುವ ಮೊದಲು ಪ್ರತಿ ಸಲವೂ ಒಮ್ಮೆ ಗೆರೆಯ ಕಡೆ ನೋಡುತ್ತಿದ್ದಳು, ನಾನು ಇದ್ದೇನೋ ಎಂದು. ಮನೆಯಲ್ಲಿ ಎಲ್ಲದಕ್ಕೂ ಗೊಣಗುವ ನನ್ನ ಮಗಳು ಮಣ್ಣಿನಲ್ಲಿ ಬಿದ್ದು ಎದ್ದು, ಮೊಣಕೈ ತರಚಿಕೊಂಡು ನಗುವುದನ್ನು ನಾನು ಈ ಮೊದಲು ನೋಡಿರಲಿಲ್ಲ.

ಗೆದ್ದರು. ಫೈನಲ್ ಅದೇ ಸಂಜೆ ಆಗಬೇಕಿತ್ತು. ಮಧ್ಯಾಹ್ನದ ಮೇಲೆ ಪಡುಗಡಲ ಕಡೆ ಕಪ್ಪಾಗಿ, ಮೈದಾನ ಮತ್ತೆ ಕೆರೆಯಾಗಿ, ನಾಳೆ ಬೆಳಗ್ಗೆ ಎಂದು ನಿಶ್ಚಯವಾಯಿತು.

ಮನೆಗೆ ಬಂದು ನಾನು ಅತ್ತೆಯ ಹತ್ತಿರ ಹೋಗಿ, ಹೆಣ್ಣು ಗೆದ್ದಿತು ಅತ್ತೆ ಎಂದೆ. ಬೆಳಗ್ಗೆ ಕೂಗಿದ್ದಕ್ಕೆ ಬೇಸರ ಮಾಡಬೇಡಿ ಎಂದೂ ಹೇಳಿದೆ. ಅತ್ತೆ ಧನ್ಯಾಳ ಮೊಣಕೈಗೆ ತೆಂಗಿನೆಣ್ಣೆ ಹಚ್ಚುತ್ತಾ, ಗೆಲ್ಲದೆ ಮತ್ತೇನು, ಆಡಿದ್ದು ಕುಂದಾಪ್ರದಲ್ಲಿ ಅಲ್ಲವಾ ಎಂದರು. ನಾನು ಕಾಲುಚೀಲ ತೊಳೆಯಲು ಹೋದೆ. ಆಗ ಪಾಗಾರದ ಆಚೆಯಿಂದ ದನಿ ಬಂತು. ಟೀಚರೇ, ನಾಳೆ?

ಇಷ್ಟು ವರ್ಷ ಗೊತ್ತಿಲ್ಲ ಎಂದವಳು ನಾನು. ಈ ಸಲ ಮೊಬೈಲು ನೋಡಲಿಲ್ಲ, ಆಕಾಶವನ್ನೂ ನೋಡಲಿಲ್ಲ.

"ಇಲ್ಲೆ ಗಿರಿಜಕ್ಕ," ಎಂದೆ. "ನಾಳಿಗ್ ರಜೆ ಇಲ್ಲೆ. ಫೈನಲ್ ಇತ್ತ್."

ಉದ್ದು ಅರೆದೆ, ಇಸ್ತ್ರಿ ಹಾಕಿದೆ. ನನ್ನ ಮಾತು ನಿಜವಾಯಿತು. ಮೂರು ತಾಲೂಕಿನಲ್ಲಿ ಎಲ್ಲಿಯೂ ರಜೆ ಇಲ್ಲ. ಬೆಳಗ್ಗೆ ವ್ಯಾನು ಬಂತು, ಧನ್ಯಾ ಎರಡೂ ಜಡೆ ಬಿಗಿದು ಹತ್ತಿದಳು, ಕಿಟಕಿಯಿಂದ ಕೈಬೀಸಿದಳು. ಬಾ ಎಂದು ಕರೆಯಲಿಲ್ಲ. ಅವಳಿಗೆ ಲೆಕ್ಕ ಗೊತ್ತಿತ್ತು. ನಾನು ಬಡಗಿಗೆ ಹೋಗುವ ಬಸ್ಸು ಹತ್ತಿದೆ.

ಈಗ ನಾಗೂರಿನಲ್ಲಿ ಏಳನೇ ತರಗತಿಯ ಎದುರು ನಿಂತಿದ್ದೇನೆ. ಬೋರ್ಡಿನ ಮೇಲೆ ನೈಋತ್ಯ ಮಾರುತಗಳು. ಹೊರಗೆ ಒಂದು ತುಂಡು ಮೋಡ ಇಲ್ಲ. ಬ್ರಹ್ಮಾವರದಲ್ಲಿ ಈ ಹೊತ್ತಿಗೆ ನನ್ನ ಮಗಳು ಚೆಂಡು ಕೈಯಲ್ಲಿ ಹಿಡಿದು ಗೆರೆಯ ಕಡೆ ಒಮ್ಮೆ ನೋಡಿರಬೇಕು. ಹಿಂದಿನ ಬೆಂಚಿನ ಒಬ್ಬಳು ಕಿಟಕಿಯ ಹೊರಗೆ ನೋಡುತ್ತಿದ್ದವಳು ಎದ್ದು ನಿಂತು, "ಟೀಚರ್, ಇವತ್ ಮಳೆ ಬತ್ತಾ?" ಎಂದು ಕೇಳಿದಳು. ಬೇರೆ ದಿನವಾಗಿದ್ದರೆ ಪುಸ್ತಕ ನೋಡು ಎಂದು ಗದರಿಸುತ್ತಿದ್ದೆ.

"ಬರ್ಲಿ ಮಗಾ," ಎಂದೆ. "ಬೈಂದೂರ್ ತಾಲೂಕಿಗ್ ಮಾತ್ರ ಬರ್ಲಿ."

ಮಕ್ಕಳೆಲ್ಲ ನಕ್ಕರು. ನಾನು ಚಾಕ್‍ಪೀಸು ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಾ ನಿಂತೆ.